ಮುನವಳ್ಳಿ ವಿರೂಪಾಕ್ಷಪ್ಪನ ಮುಧೋಳ ದಂಡಯಾತ್ರೆ

ಯುಗಗಳಲ್ಲಿ ಕಡೆಯದೂ, ಧರ್ಮವೆಂಬ ಎತ್ತು ಒಂಟಿಕಾಲಿನಲ್ಲಿ ನಿಂತು ಸುಸ್ತಾಗಿರುವುದೂ, ಅಂಗೈಯಗಲದ ಗಾಜಿನ ಮೇಲೆ ಬೆರಳು ಸವರಿದ ಮಾತ್ರಕ್ಕೆ ಸಕಲ ಜಾತಿಯ ನಾಯಿಮರಿಗಳು ಬೆಲೆಸಮೇತ ಪ್ರತ್ಯಕ್ಷವಾಗುವುದೂ ಆದ ಈ ಕಲಿಯುಗದಲ್ಲಿ, ಗದಗ ಪಟ್ಟಣದ ಬಜಾರಿನ ನಟ್ಟನಡುವೆ, ತಾಟು-ತಂಬಿಗೆ-ಡಬರಿ-ಸಮೂಹ-ಪರಿವೇಷ್ಟಿತನೂ, ಗಿರಾಕಿ-ಹೃದಯ-ಭೇದನ-ಚತುರನೂ, ಮಧುಮೇಹ-ಪೀಡಿತನಾಗಿಯೂ ಜಿಲೇಬಿಗೆ ಅಂಜದವನೂ ಆದ ವಿರೂಪಾಕ್ಷಪ್ಪ ಮುನವಳ್ಳಿಯೆಂಬ ಮಹಾರಥನು ಬಾಂಡೆ ಸಾಮಾನಿನ ಅಂಗಡಿಯನ್ನು ಆಳುತ್ತಿದ್ದನು. ಎಲೌ ವಾಗ್ದೇವಿಯೇ, ವೀಣೆಯನ್ನು ತುಸು ಬದಿಗಿಟ್ಟು ಬಾ. ಈ ವೀರನ ಕಥೆಗೆ ತಂತಿಯ ನಾದ ಸಾಲದು. ಬೋರಲು ಹಾಕಿದ ಹಂಡೆಯ ಮೇಲೆ ಸೌಟು ಬಡಿದು ಹಾಡಬೇಕು.

ಈ ವೀರನಿಗೆ ಒಂದು ದಿವ್ಯವಿದ್ಯೆ ಸಿದ್ಧಿಸಿತ್ತು. ಯಾವ ಪಾತ್ರೆಯೇ ಕೈಗೆ ಬರಲಿ, ಮೊದಲು ಬೆರಳ ಗೆಣ್ಣಿನಿಂದ ಟಣ್ ಎಂದು ಬಡಿದು ಕಿವಿಗೊಡುವನು. ಆಮೇಲೆ ಬೋರಲು ಮಾಡಿ ತಳದಲ್ಲೊತ್ತಿದ ಕಂಪನಿಯ ಛಾಪಾ ನೋಡುವನು. ಮೂವತ್ತೆರಡು ವರ್ಷ ಇದನ್ನೇ ಮಾಡಿ ಮಾಡಿ ಅದು ಕರಗತವಾಗಿ, ಬೀಗರ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಹೋಳಿಗೆ ಬಡಿಸುವ ಮುನ್ನ ತಾಟನ್ನು ಮಗುಚಿ ನೋಡುತ್ತಿದ್ದನು. ಹೆಂಡತಿ ದಾನಮ್ಮ ಪಕ್ಕದಲ್ಲಿ ಕೂತು ನಾಚಿಕೆಯಿಂದ ಸೆರಗನ್ನು ಹಣೆಯವರೆಗೆ ಎಳೆದುಕೊಳ್ಳುತ್ತಿದ್ದಳು.

ಇಂಥ ಧೀರನ ಬಾಳಿನಲ್ಲಿ ಕಂಟಕವೊಂದೇ. ಅವನ ಹೆಸರು ಮಹಾರುದ್ರ, ದಾನಮ್ಮನ ಖಾಸಾ ತಮ್ಮ, ಅದೇ ಊರಿನ ಸಿಮೆಂಟಿನ ವ್ಯಾಪಾರಿ. ಇವನು ಪುಣೆಯಿಂದ ಒಂದು ಡಾಬರ್‌ಮನ್ ತಂದು, ಅದಕ್ಕೆ ಟೈಗರ್ ಎಂದು ಹೆಸರಿಟ್ಟು, ಅದರ ಅಪ್ಪ ಅಜ್ಜ ಮುತ್ತಜ್ಜರ ಹೆಸರಿರುವ ಕಾಗದವನ್ನು ಫ್ರೇಮು ಹಾಕಿಸಿ, ದೇವರ ಫೋಟೋಗಳ ಸಾಲಿನಲ್ಲೇ ತೂಗುಹಾಕಿದ್ದನು. ಬಳಗದ ಒಂದು ತೊಟ್ಟಿಲ ಕಾರ್ಯದಲ್ಲಿ, ಊಟ ಮುಗಿದು ಎಲ್ಲರೂ ಎಲೆಅಡಿಕೆ ಮೆಲ್ಲುತ್ತಿದ್ದಾಗ, ವಿರೂಪಾಕ್ಷಪ್ಪನು ಟೈಗರಿನ ಕಿವಿಯ ಬಗ್ಗೆ ಏನೋ ಒಂದು ಮಾತಾಡಿದನು. ಮಹಾರುದ್ರ ನಕ್ಕನು.

"ಮಾವಾ, ನಿಮಗ ಸ್ಟೀಲಿನ್ಯಾಗ ತಿಳೀತದ. ನಾಯ್ಯಾಗ ಏನ ತಿಳೀತದ? ನೀವು ತಂದ್ರ ಬೀದಿನಾಯಿಗೆ ಪಾಲೀಶ್ ಹೊಡಿಸಿಕೊಂಡ ತರ್ತೀರಿ."

ಅರವತ್ತು ಮಂದಿ ನೆಂಟರು ಒಟ್ಟಿಗೇ ನಕ್ಕರು. ತೊಟ್ಟಿಲಿನಲ್ಲಿದ್ದ ಕೂಸು ಕೂಡ ನಕ್ಕಂತೆ ವಿರೂಪಾಕ್ಷಪ್ಪನಿಗೆ ಕಂಡಿತು. ಆಗ ಆತನು ಕ್ರೋಧಾರುಣ-ನೇತ್ರನಾಗಿ, ತಾಂಬೂಲ-ರಂಜಿತ-ಮೀಸೆಯನ್ನು ತಿರುವಿ, ಭೂಮ್ಯಾಕಾಶಗಳು ಕೇಳುವಂತೆ ಪ್ರತಿಜ್ಞೆ ಗೈದನು: "ಕೇಳಲೇ ಮಹಾರುದ್ರ! ನಿನ್ನದು ಪರದೇಶಿ ನಾಯಿ. ನಮ್ಮ ನೆಲದ್ದು, ರಾಜರು ಸಾಕಿದ್ದು, ಶುದ್ಧ ಮುಧೋಳ ತಂದು ಇದೇ ಮಂದಿ ಮುಂದ ನಿಲ್ಲಸ್ತೀನಿ. ನಿನ್ನ ಬಾಯಿಂದನ ‘ಖರೇ ಮುಧೋಳ’ ಅನ್ನಸ್ತೀನಿ. ಇಲ್ಲಾಂದ್ರ ಇನ್ನ ಮ್ಯಾಲೆ ನಿಮ್ಮ ಮನಿ ಹೊಸ್ತಲಾ ತುಳಿಯೂದಿಲ್ಲ!" ದಾನಮ್ಮ ಗಂಡನ ಮುಖವನ್ನೂ ತಮ್ಮನ ಮುಖವನ್ನೂ ನೋಡಿದಳು. ಅದು ಅವಳ ತವರುಮನೆಯ ಹೊಸ್ತಿಲು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಆಮೇಲೆ ಹದಿನೈದು ದಿನ ದೂರವಾಣಿಯ ಮೂಲಕ ನಾಯಿ ಸಾಕುವವರ ಕೋಟೆಗಳಿಗೆ ಮುತ್ತಿಗೆ ನಡೆಯಿತು. ಮೊದಲನೆಯವನು ಬರೀ ಮರಿಯ ಫೋಟೋ ಕಳಿಸಿದನು. ಎರಡನೆಯವನೂ ಅದೇ ಮರಿಯ ಅದೇ ಫೋಟೋ ಕಳಿಸಿದನು. ಮೂರನೆಯವನು ತಾಯಿನಾಯಿಯನ್ನು ತೋರಿಸೆಂದಾಗ, ತಾಯಿ ಊರಿಗೆ ಹೋಗಿದೆಯೆಂದನು. ಕಡೆಗೆ ಪಶುವೈದ್ಯರೊಬ್ಬರು ಕನಿಕರಪಟ್ಟು, ಮುಧೋಳದ ಆಚೆ ಕಬ್ಬಿನ ಹೊಲದ ನಡುವೆ ಭೀಮಶಿಯೆಂಬಾತನ ಮನೆತನ ತಲೆಮಾರುಗಳಿಂದ ಈ ನಾಯಿಗಳನ್ನು ಸಾಕಿಕೊಂಡು ಬಂದಿದೆ, ಸ್ವತಃ ಹೋಗಿ ತಾಯಿಯನ್ನು ನೋಡಿ, ಜಾಗ ನೋಡಿ, ಕೇಳಬೇಕಾದ್ದನ್ನೆಲ್ಲ ಕೇಳಿ ಎಂದು ಉಪದೇಶಿಸಿದರು. ಕೇಳುವುದೆಂದರೆ ವಿರೂಪಾಕ್ಷಪ್ಪನಿಗೆ ಹಬ್ಬ. ಇಪ್ಪತ್ತೊಂದು ಪ್ರಶ್ನೆಗಳನ್ನು ಅಂಗಡಿಯ ಚೀಟಿಯ ಹಿಂಬದಿಗೆ ಬರೆದು, ಅವನ್ನು ಇಪ್ಪತ್ತೊಂದು ಬಾಣಗಳೆಂದು ಭಾವಿಸಿ ಜೇಬೆಂಬ ಬತ್ತಳಿಕೆಗೆ ಸೇರಿಸಿದನು.

ರವಿವಾರ ಪ್ರಾತಃಕಾಲದಲ್ಲಿ ರಥವು, ಅಂದರೆ ಹಿಂದಿನ ಬಾಗಿಲು ಒಳಗಿನಿಂದ ಮಾತ್ರ ತೆರೆಯುವ ಹಳೆಯ ಕಾರು, ಸಜ್ಜಾಯಿತು. ದಾನಮ್ಮ ಕಟಕ ರೊಟ್ಟಿಯ ಗಂಟು ಹಿಡಿದು ಹಿಂದೆ ಕೂತಿದ್ದಳು.

"ನೀ ಯಾಕ? ಇದು ಗಂಡಸರ ವ್ಯವಹಾರ."

"ಮುಧೋಳದಾಗ ನಮ್ಮ ಚಿಗವ್ವ ಅದಾಳ. ಆಕಿನ್ನ ಮಾತಾಡಿಸಿ ಬರ್ತೀನಿ. ನಿಮ್ಮ ನಾಯಿ ಉಸಾಬರಿ ನನಗ್ಯಾಕ? ನಡ್ರಿ, ಬಿಸಲ ಆಗತೈತಿ."

ನರಗುಂದ ದಾಟಿತು, ರಾಮದುರ್ಗ ದಾಟಿತು, ಲೋಕಾಪುರವೂ ದಾಟಿತು. ಚಿಗವ್ವನ ಮನೆಗೆ ಹೋಗುವ ಹಾದಿಯನ್ನು ವಿಜಯಾಕಾಂಕ್ಷಿಯು ಅವಸರದಲ್ಲಿ ದಾಟಿಬಿಟ್ಟದ್ದರಿಂದ ದಾನಮ್ಮ ಭೀಮಶಿಯ ತೋಟದವರೆಗೂ ಬರಬೇಕಾಯಿತು. ಕಾರಿನಲ್ಲೇ ಕೂತಿರು ಎಂದು ಅವಳಿಗೆ ಆಜ್ಞಾಪಿಸಿ, ವಿರೂಪಾಕ್ಷಪ್ಪನು ಪಂಚೆಯ ಚುಂಗು ಹಿಡಿದು ರಣರಂಗಕ್ಕೆ ಇಳಿದನು.

ಅಂಗಳದಲ್ಲಿ, ಬೇವಿನ ನೆರಳಿನಲ್ಲಿ, ಕೃಶಮಧ್ಯೆಯೂ ದೀರ್ಘಮುಖಿಯೂ ಆದ ಒಂದು ತಾಯಿನಾಯಿ ಮಲಗಿತ್ತು. ಮೈಯೆಲ್ಲ ಕಾಲೇ ಎಂಬಂತೆ ಉದ್ದ, ರೋಮ ಕಂದು, ಕಣ್ಣು ಬಂದವನ ಮುಖದ ಮೇಲಿಂದ ಕದಲಲಿಲ್ಲ. ವಿರೂಪಾಕ್ಷಪ್ಪನಿಗೆ ಯಾಕೋ ತನ್ನ ಅಂಗಿಯ ಗುಂಡಿಗಳೆಲ್ಲ ಸರಿಯಾಗಿವೆಯೇ ಎಂದು ನೋಡಿಕೊಳ್ಳಬೇಕೆನಿಸಿತು. ಅದರ ಹೊಟ್ಟೆಗೆ ಆತು ಐದು ಮರಿಗಳು ಮಲಗಿದ್ದವು. ಭೀಮಶಿ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದನು.

"ಬರ್ರಿ, ಕುಂದರ್ರಿ. ಮರಿ ಮಾತು ಎಲ್ಲಾ ನಮ್ಮಾಕಿ ಕಡೆ" ಎಂದಷ್ಟೇ ಹೇಳಿ ಹಗ್ಗಕ್ಕೆ ಮರಳಿದನು.

ಭೀಮಶಿಯ ಹೆಂಡತಿ ಸತ್ತೆವ್ವ ಚಹಾದ ಕಿಟ್ಲಿಯೊಂದಿಗೆ ಬಂದಳು. ಖಾಲಿ ಲೋಟ ಕೈಗೆ ಬಂದೊಡನೆ ವೀರನ ಬೆರಳು ಟಣ್ ಎಂದಿತು, ಲೋಟ ಬೋರಲಾಯಿತು, ತಳದ ಛಾಪಾ ಪರೀಕ್ಷೆಗೊಳಗಾಯಿತು. ಸತ್ತೆವ್ವ ಕಿಟ್ಲಿಯನ್ನು ಅರ್ಧಕ್ಕೇ ತಡೆದು ನೋಡಿದಳು.

"ಯಾಕ್ರೀ, ತೊಳದಿಲ್ಲ ಅಂತ ಅನಮಾನ ಬಂತೇನು?"

"ಛೇ ಛೇ. ಗೇಜು ಛಲೋ ಐತ್ರೀ, ದಪ್ಪ ತಗಡು" ಎಂದು ವಿರೂಪಾಕ್ಷಪ್ಪ ನಕ್ಕನು. ಅವಳು ನಗಲಿಲ್ಲ. ಆತನು ಗಂಟಲು ಸರಿಪಡಿಸಿ ಬತ್ತಳಿಕೆಯಿಂದ ಮೊದಲ ಬಾಣ ತೆಗೆದನು. "ತಂದಿ ನಾಯಿ ಯಾವ ಮನೆತನದ್ದು?"

"ಹೇಳ್ತೀನಿ. ಅದಕ್ಕಿಂತ ಮೊದಲ ನೀವ ಹೇಳ್ರಿ. ನಿಮ್ಮ ಮನಿ ಗಾಡಿ ಓಡ್ಯಾಡೂ ರಸ್ತೆಕ್ಕ ಎಷ್ಟ ದೂರ ಐತಿ?"

"ದೂರ... ಏನ ಭಾಳ ಇಲ್ಲ."

"ಹಿತ್ತಲದ ಗ್ವಾಡಿ ಎಷ್ಟ ಎತ್ತರ? ಇದು ಓಡೂ ಜಾತಿ. ದಿನಾ ಬಯಲಿಗೆ ಬಿಡಬೇಕು. ಯಾರ ಬಿಡತೀರಿ? ಮುಂಜಾನೆ ಅಂಬಲಿ ಯಾರ ಕಾಸತಾರ? ಅಂಗಡಿ ಎಷ್ಟಕ್ಕ ತಗೀತೀರಿ, ಎಷ್ಟಕ್ಕ ಮುಚ್ಚತೀರಿ?"

ಅಯ್ಯೋ, ಗದಗಿನ ಗಿರಾಕಿಗಳನ್ನು ಮಾತಿನಲ್ಲೇ ಕಟ್ಟಿಹಾಕುತ್ತಿದ್ದ ಆ ವೀರನನ್ನು ಈಗ ಬೇರೊಬ್ಬಳ ಮಾತು ಕಟ್ಟಿಹಾಕಿತು. ಮೂವತ್ತು ವರ್ಷ ವಾಸ ಮಾಡಿದ ತನ್ನ ಮನೆಯ ಹಿತ್ತಲಿಗೆ ಗೋಡೆಯಿದೆಯೋ ಬೇಲಿಯಿದೆಯೋ ಎಂಬುದೇ ಆ ಕ್ಷಣದಲ್ಲಿ ಆತನಿಗೆ ನೆನಪಾಗಲಿಲ್ಲ. ಒಲೆಯ ಮೇಲೆ ಏನಾದರೂ ಕಾಯಬೇಕಾದರೆ ಅದನ್ನು ಯಾರಾದರೂ ಕಾಸಬೇಕೆಂಬುದು ಹೊಸ ಸಂಗತಿಯಾಗಿ ಕಂಡಿತು. ಮಾತು ತಪ್ಪಿಸಲೆಂದು ಬಗ್ಗಿ, ತಾಯಿಯ ಬಳಿಯಿಂದ ತೆವಳಿ ಬಂದಿದ್ದ ಒಂದು ಹೆಣ್ಣುಮರಿಯನ್ನು ಕೈಗೆತ್ತಿಕೊಂಡನು.

ಆಗ ವಿಧಿಯು ನಕ್ಕಿತು. ಕೈಗೆ ಬಂದದ್ದನ್ನು ಮೂವತ್ತೆರಡು ವರ್ಷ ಬಡಿದು ನೋಡಿದ ಕೈಯದು. ಬೆರಳ ಗೆಣ್ಣು ತಾನಾಗಿಯೇ ಹೋಗಿ ಮರಿಯ ಪಕ್ಕೆಗೆ ತಟ್ ಎಂದು ತಟ್ಟಿತು. ಕಿವಿ ತಾನಾಗಿಯೇ ಬಾಗಿತು. ಮರುಕ್ಷಣವೇ ಮರಿ ಅಂಗಾತವಾಗಿ, ನಾಲ್ಕು ಕಾಲುಗಳು ಆಕಾಶ ನೋಡಿ, ವಿರೂಪಾಕ್ಷಪ್ಪನು ಕನ್ನಡಕ ಏರಿಸಿ ಅದರ ಹೊಟ್ಟೆಯಲ್ಲಿ ಛಾಪಾ ಹುಡುಕತೊಡಗಿದನು.

ಮರಿ ಕುಂಯ್ ಎಂದಿತು. ತಾಯಿ ಎದ್ದಿತು. ಎದ್ದದ್ದು ಯಾರಿಗೂ ಕಾಣಲಿಲ್ಲ, ಬಂದದ್ದು ಮಾತ್ರ ಕಂಡಿತು. ಶತ್ರುಸೇನಾ-ವಿದಾರಿಣಿಯಾದ ಆ ಶ್ವಾನಮಾತೆಯು ಪಂಚೆಯ ಚುಂಗನ್ನು ದಂತಗಳಲ್ಲಿ ಹಿಡಿದು ಎಳೆಯಿತು. ಮಹಾರಥನು ಪಂಚೆಯ ಇನ್ನೊಂದು ತುದಿಯನ್ನು ಎರಡೂ ಕೈಯಿಂದ ಹಿಡಿದು ಮಾನರಕ್ಷಣೆಗಾಗಿ ಹೋರಾಡುತ್ತ ಹಿಂದೆ ಸರಿದು, ಸರಿದು, ಕಟ್ಟೆ ಏರಿ ನಿಂತನು. ಮರಿಯನ್ನು ಅಷ್ಟರೊಳಗೆ ಸತ್ತೆವ್ವ ಕಸಿದುಕೊಂಡಿದ್ದಳು. ಭೀಮಶಿ ಒಂದು ಸಲ "ಚಂಪಿ" ಎಂದನು. ನಾಯಿ ಪಂಚೆ ಬಿಟ್ಟಿತು, ಆದರೆ ಅಲ್ಲೇ ಕುಳಿತುಕೊಂಡಿತು.

"ಇಳೀರಿ ಕೆಳಗ. ನಡ್ರಿ ನಿಮ್ಮ ಊರಿಗೆ" ಎಂದಳು ಸತ್ತೆವ್ವ. "ಮರಿ ಅಂದ್ರ ತಂಬಿಗಿ ಅನ್ಕೊಂಡೀರೇನು, ಬಡದ ನೋಡಾಕ? ನಿಮಗ ಕೊಡೂದಿಲ್ಲ."

ಕಟ್ಟೆಯ ಮೇಲೆ ನಿಂತ ವಿರೂಪಾಕ್ಷಪ್ಪನ ಕಣ್ಣಮುಂದೆ ಅರವತ್ತು ಮಂದಿ ನೆಂಟರು ಸಾಲಾಗಿ ಬಂದರು. ಎಲ್ಲರಿಗಿಂತ ಮುಂದೆ ಮಹಾರುದ್ರನು ವೀಳ್ಯ ಮೆಲ್ಲುತ್ತ ನಿಂತಿದ್ದನು. ಆತನಿಗೆ ನಿಜಕ್ಕೂ ದುಃಖ ಬಂತು. ಅವಮಾನಕ್ಕಿಂತ ಹೆಚ್ಚಾಗಿ, ತಾನು ಆ ಮರಿಯನ್ನು ನೋಯಿಸಬೇಕೆಂದು ಮಾಡಿದ್ದಲ್ಲವೆಂದು ಹೇಳಲು ಬಾರದೆ ದುಃಖ ಬಂತು.

"ತಪ್ಪಾತ್ರೀ ಯವ್ವಾ" ಎಂದನು ಮಹಾರಥನು. ಇಪ್ಪತ್ತೊಂದು ಬಾಣಗಳ ಪಟ್ಟಿ ಕೈಯಿಂದ ಜಾರಿ ಚಂಪಿಯ ಮುಂದೆ ಬಿತ್ತು.

ಸತ್ತೆವ್ವ ಕಾರಿನ ಕಡೆ ನೋಡಿದಳು. "ಅಲ್ಲಿ ಕುಂತಾಕಿ ಯಾರು? ನಿಮ್ಮ ಮನಿಯಾಕಿ ಏನು? ಮೊದಲ ಹೇಳಬಾರದ? ನಮ್ಮಲ್ಲಿ ಮರಿ ಗಂಡಸರ ಕೈಯಾಗ ಕೊಡೂದಿಲ್ಲ. ನಮ್ಮ ಅತ್ತಿ ಕಾಲದಿಂದ ಹೆಣ್ಣಮಕ್ಕಳ ಉಡಿಯಾಗ ಹಾಕಿ ಕಳಸೂದ ಪದ್ಧತಿ. ಕರೀರಿ ಆಕಿನ್ನ."

ಬಿಸಿಲಿಗೆ ಬೆವೆತಿದ್ದ ದಾನಮ್ಮ ಒಳಗಿನಿಂದ ಬಾಗಿಲು ತೆರೆದುಕೊಂಡು ಬಂದಳು. ಸತ್ತೆವ್ವ ಅವೇ ಪ್ರಶ್ನೆಗಳನ್ನು ಕೇಳಿದಳು. ದಾನಮ್ಮ ಗಂಡನ ಕಡೆ ನೋಡದೆ ಹೇಳಿದಳು:

"ಖರೇ ಹೇಳ್ತೀನ್ರೀ ಯಕ್ಕಾ, ನನಗ ನಾಯಿನ ಬ್ಯಾಡಾಗಿತ್ತು. ಇವರು ಮುಂಜಾನೆ ಅಂಗಡಿಗೆ ಹೋದ್ರ ಹೊಳ್ಳಿ ಬರೂದು ದೀಪಾ ಹಚ್ಚಿದ ಮ್ಯಾಲೆ. ಅಂಬಲಿ ಕಾಸಾಕಿ ನಾನು, ಹೇಸಿಗಿ ಬಳಿಯಾಕಿ ನಾನು, ಜಡ್ಡ ಬಂದ್ರ ನಿದ್ದಿ ಕೆಡಾಕಿ ನಾನು. ನನಗ ಮೊಣಕಾಲ ಬ್ಯಾನಿ. ಗ್ವಾಡಿ ಎದಿಮಟ ಐತಿ, ಆದ್ರ ಒಂದ ಮೂಲ್ಯಾಗ ಬಿದ್ದೈತಿ, ಕಟ್ಟಸ್ರೀ ಅಂತ ಎರಡ ವರ್ಷದಿಂದ ಹೇಳಾಕತ್ತೀನಿ. ಅದ ಕಟ್ಟೂತನ ಮರಿ ಬಿಟ್ರ ಓಡಿ ಹೋಗತೈತಿ. ಈಗ ಬ್ಯಾಡ್ರಿ."

ವಿರೂಪಾಕ್ಷಪ್ಪ ಕಣ್ಣು ಮುಚ್ಚಿಕೊಂಡನು. ತನ್ನ ಸೇನೆಯೇ ಕೋಟೆಯ ಬಾಗಿಲನ್ನು ಶತ್ರುವಿಗೆ ತೆರೆದುಕೊಟ್ಟಿತೆಂದು ಆತನಿಗೆ ಅನಿಸಿತು.

ಸತ್ತೆವ್ವ ಮೊದಲ ಸಲ ನಕ್ಕಳು. "ಮರಿ ಕೇಳಾಕ ಬಂದವರೆಲ್ಲಾ ಮಕ್ಕಳಂಗ ನೋಡ್ಕೋತೀವಿ ಅಂದ ಒಯ್ದಾರ. ಹಂಗಂದವರ ಮನ್ಯಾಗ ನಮ್ಮ ಎಷ್ಟೋ ಮರಿ ಸರಪಳ್ಯಾಗ ಬಿದ್ದಾವ. ಎಷ್ಟ ಕೆಲಸ ಐತಿ ಅಂತ ಎಣಿಸಿ ಹೇಳಿದಾಕಿ ನೀನ ಒಬ್ಬಾಕಿ ನೋಡವ್ವಾ. ಗ್ವಾಡಿ ಈ ವಾರದಾಗ ಕಟ್ಟಸ್ರಿ. ಕುಂದರು, ಉಡಿ ಒಡ್ಡು."

ದಾನಮ್ಮ ಬೇಡವೆನ್ನುವಷ್ಟರಲ್ಲಿ ಆ ಹೆಣ್ಣುಮರಿ ಅವಳ ಸೆರಗಿನ ತುದಿಯನ್ನು ಬಾಯಿಗೆ ಹಾಕಿಕೊಂಡಿತ್ತು. "ಏ ಬಿಡ, ಹೊಸಾ ಸೀರಿ" ಎಂದು ಬಗ್ಗಿದವಳು, ಮರಿಯ ತಲೆಯ ಮೇಲಿಟ್ಟ ಕೈಯನ್ನು ತೆಗೆಯಲು ಮರೆತಳು. ಸತ್ತೆವ್ವ ಅವಳಿಗೆ ಅರಿಸಿನ ಕುಂಕುಮ ಹಚ್ಚಿ, ಉಡಿಗೆ ಐದು ಹಿಡಿ ಜೋಳ, ಒಂದು ಒಣಕೊಬ್ಬರಿ ಬಟ್ಟಲು ಹಾಕಿ, ಮರಿಯನ್ನು ತಾಯಿಗೆ ಮೂಸಿಸಿ, ಅದನ್ನೂ ಉಡಿಯಲ್ಲಿಟ್ಟಳು. ಚಂಪಿ ಕಾರಿನವರೆಗೂ ಹಿಂದೆ ಬಂದಿತು. ಇಬ್ಬರು ಹೆಂಗಸರೂ ಕಣ್ಣೊರೆಸಿಕೊಂಡರು.

ಭೀಮಶಿ ಮರಿಯ ತಂದೆತಾಯಿಯ ಹೆಸರು ಬರೆದ ಕಾಗದ ತಂದು, ಒಯ್ಯುವವರ ಜಾಗದಲ್ಲಿ ದಾನಮ್ಮನ ಹೆಸರು ಬರೆಯತೊಡಗಿದನು.

"ನನ್ನ ಹೆಸರ ಬರೀರಿ" ಎಂದನು ವಿರೂಪಾಕ್ಷಪ್ಪ.

"ನಿಮಗ ಉಡಿ ಐತೇನ್ರೀ?" ಎಂದನು ಭೀಮಶಿ. ಆ ಇಡೀ ದಿನದಲ್ಲಿ ಆತನಾಡಿದ ಅತಿ ತೂಕದ ಮಾತು ಅದೇ.

ಆದರೇನು, ಮರಿ ದಕ್ಕಿತ್ತು. ಮರುದಿನವೇ ಗೌಂಡಿ ಬಂದು ಹಿತ್ತಲ ಗೋಡೆಯ ಮೂಲೆ ಕಟ್ಟಿದನು. ಮುಂದಿನ ರವಿವಾರ ಬಳಗಕ್ಕೆಲ್ಲ ಕರೆ ಹೋಯಿತು. ವಿಜಯೋತ್ಸಾಹ-ಸ್ಫೀತ-ವಕ್ಷಸ್ಥಲನಾದ ವಿರೂಪಾಕ್ಷಪ್ಪನು ಇಸ್ತ್ರಿ ಅಂಗಿ ತೊಟ್ಟು ಪಡಸಾಲೆಯ ನಡುವೆ ನಿಂತನು. ಮಹಾರುದ್ರ ಬಂದನು, ಕುಕ್ಕರಗಾಲಿನಲ್ಲಿ ಕೂತು ಮರಿಯ ಮುಖ ನೋಡಿದನು, ಎದೆ ನೋಡಿದನು, ಬಾಲ ನೋಡಿದನು. ಕಡೆಗೆ "ಖರೇ ಮುಧೋಳ ಮಾವಾ" ಎಂದನು.

ದೇವದುಂದುಭಿಗಳು ಮೊಳಗಿದವು. ಕನಿಷ್ಠ ವಿರೂಪಾಕ್ಷಪ್ಪನ ಕಿವಿಗೆ ಮೊಳಗಿದವು. ಆತನು ಬಾಯಿಪಾಠ ಮಾಡಿಟ್ಟಿದ್ದ ಭಾಷಣಕ್ಕೆ ಉಸಿರು ತುಂಬಿಕೊಳ್ಳುವಷ್ಟರಲ್ಲಿ ಮಹಾರುದ್ರನು ಕಾಗದವನ್ನು ಬೆಳಕಿಗೆ ಹಿಡಿದು ಓದಿದನು, ಮತ್ತೊಮ್ಮೆ ಓದಿದನು, ಆಮೇಲೆ ಹಲ್ಲು ಕಿರಿದನು.

"ಅಕ್ಕಾ, ಇದು ನಿನ್ನ ನಾಯಿ! ಕೇಳ್ರೆಪಾ ಎಲ್ಲಾರೂ, ನಮ್ಮ ಅಕ್ಕ ಶುದ್ಧ ಮುಧೋಳ ತಂದಾಳ. ಗದಗದಾಗ ಎರಡ ಛಲೋ ನಾಯಿ ಅದಾವ, ಎರಡೂ ನಮ್ಮ ಮನೆತನದ್ದು!"

ಅರವತ್ತು ಮಂದಿ ನೆಂಟರು ಚಪ್ಪಾಳೆ ತಟ್ಟಿದರು. ದಾನಮ್ಮನ ಮುಖ ಅರಳಿತು. ತಮ್ಮನ ಬೆನ್ನಿಗೊಂದು ಗುದ್ದಿದಳು. ವಿರೂಪಾಕ್ಷಪ್ಪನು ತುಂಬಿಕೊಂಡಿದ್ದ ಉಸಿರನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೆಯೇ ನಿಂತಿದ್ದನು. ಅಷ್ಟರಲ್ಲಿ ದಾನಮ್ಮ ನೆಲ ನೋಡಿದಳು.

"ರೀ, ಮರಿ ಇಲ್ಲೆ ಉಚ್ಚಿ ಮಾಡೇತಿ ನೋಡ್ರಿ. ಮಂದಿ ತುಳಿಯೂದ್ರಾಗ ಒಂದ ಅರಿವಿ ತರ್ರಿ."

ಮಹಾರಥನು ಉಸಿರು ಬಿಟ್ಟನು. ಅಡುಗೆಮನೆಗೆ ಹೋಗಿ, ಅರಿವೆ ಎಲ್ಲಿರುತ್ತದೆಂದು ಎರಡು ಸಲ ಕೂಗಿ ಕೇಳಿ, ತಂದು, ಮೊಣಕಾಲೂರಿ ನೆಲ ಒರೆಸಿದನು. ಕುರ್ಚಿಯ ಕಾಲಿನ ಹತ್ತಿರ ಸ್ವಲ್ಪ ಉಳಿದಿತ್ತು, ಅದನ್ನೂ ಒರೆಸಿದನು.