ತಿಪ್ಪಸಂದ್ರದ ಸೊಗಡು

ಊರಿಗೆ ಹೊರಡಲು ಅತ್ತೆ ಚಿಕ್ಕಲಕ್ಷ್ಮಮ್ಮ ಒಂದೇ ಷರತ್ತು ಹಾಕಿದ್ದರು.

"ಸೊಗಡಿರೋ ಅವರೆಕಾಯಿ ತನ್ನಿ ಅಳಿಯಂದ್ರೆ. ಹಿತ್ಕಿದ್ ಬೇಳೆ ಸಾರು ಉಂಡ್ಬುಟ್ಟು ಮಾರ್ನೆ ದಿನವೇ ಬೈರಾಪಟ್ಟಣದ ಬಸ್ ಹತ್ತೀನಿ."

ದೀಪಾವಳಿಗೆ ಬಂದವರು, ಸಂಕ್ರಾಂತಿ ಹತ್ತಿರವಾಗಿತ್ತು. ರಾಮನಗರದ ಆ ಪುಟ್ಟ ಬಾಡಿಗೆ ಮನೆಯಲ್ಲಿ ಮಂಚ ತಾಯಿ ಮಗಳದು. ಅನಂತರಾಜು ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರನ್ನು ತಬ್ಬಿಕೊಂಡು ಮಲಗುತ್ತಿದ್ದ. ಗೋಡೆಯಾಚೆ ಹೆಂಡತಿ ಪ್ರತಿಮಾ ಅವ್ವನ ಜೊತೆ ಕಿಸಿಕಿಸಿ ನಗುವುದು ಕೇಳುತ್ತಿತ್ತು. ಶಿಫ್ಟಿನ ಮೇಲೆ ಶಿಫ್ಟು ದುಡಿಯುವ ಗಂಡನ ಜೊತೆ ಅವಳು ಹಾಗೆ ನಕ್ಕಿದ್ದೇ ಇಲ್ಲ.

ಅವನು ಪೇಟೆಯಿಂದ ಎರಡು ಸಲ ಕಾಯಿ ತಂದ. ಅತ್ತೆ ಮೂಸಿ, "ಇದೇನು ಅವರೆಕಾಯೋ, ಒಣಹುಲ್ಲೋ?" ಎಂದು ಚೀಲ ಪಕ್ಕಕ್ಕೆ ತಳ್ಳಿದರು.

ತಪ್ಪು ಅವನ ಮೂಗಿನದು. ಬಿಡದಿ ಕಡೆಯ ಸೋಪಿನ ಕಾರ್ಖಾನೆಯಲ್ಲಿ ಅವನಿಗೆ ಸೆಂಟು ಬೆರೆಸುವ ಕೆಲಸ. ಮಲ್ಲಿಗೆ, ಗುಲಾಬಿ, ಗಂಧ ಎಲ್ಲ ಸೇರಿ ಅವನ ಮೂಗನ್ನು ಯಾವತ್ತೋ ಸಾಯಿಸಿದ್ದವು. ನಾಚಿಕೆಗೆ ಹೆಂಡತಿಗೂ ಹೇಳಿರಲಿಲ್ಲ. ಅದಕ್ಕೇ ಪಕ್ಕದ ಮನೆಯ ಸನಾವುಲ್ಲಾನನ್ನು ಕರೆದುಕೊಂಡು ಮೊದಲ ಬಸ್ಸಿಗೆ ತಿಪ್ಪಸಂದ್ರದ ಸಂತೆಗೆ ಹೊರಟ. ಸನಾವುಲ್ಲಾನದು ರೇಷ್ಮೆ ನೂಲು ತೆಗೆಯುವ ಕಸುಬು.

ಮಂಜು ಇನ್ನೂ ಕರಗಿರಲಿಲ್ಲ. ರಸ್ತೆಯ ಎರಡೂ ಬದಿಗೆ ಸುರಿದ ಅವರೆಕಾಯಿ ರಾಶಿಗಳು, ನಿದ್ದೆಯಲ್ಲಿ ಕಂಡ ಹಸಿರು ಗುಡ್ಡಗಳ ಹಾಗೆ, ಹತ್ತಿರ ಹೋದಂತೆ ಒಂದೊಂದಾಗಿ ಹುಟ್ಟುತ್ತಿದ್ದವು. ಜನ ಮಂಜಿನೊಳಗಿಂದ ಕೈ ಮಾತ್ರ ಚಾಚಿ ಚೌಕಾಸಿ ಮಾಡುತ್ತಿದ್ದರು. ಅನಂತರಾಜು ಒಂದು ಕಾಯಿ ಉಜ್ಜಿ ಮೂಗಿಗೆ ಹಿಡಿದ. ಚಿಕ್ಕಂದಿನಲ್ಲಿ ಅವ್ವನ ಸೆರಗಿಗೆ ಅಂಟಿರುತ್ತಿದ್ದ ಆ ವಾಸನೆ ನೆನಪಿಗೆ ಬಂತು, ಮೂಗಿಗೆ ಬರಲಿಲ್ಲ.

"ನೀವು ನೋಡಿ ಸಾಬ್ರೇ."

ಸನಾವುಲ್ಲಾ ಕಣ್ಣು ಮುಚ್ಚಿ ಮೂಸಿದ. "ನೀವೇನಂತೀರಾ ಅಣ್ಣಾ?"

"ನಂಗೇನೋ ಚೆನ್ನಾಗೈತೆ ಅನ್ನಿಸ್ತು."

"ಹಂಗಾದ್ರೆ ನಂಗೂ ಅನ್ನಿಸ್ತು."

ಕಾಯಿ ಮಾರುತ್ತಿದ್ದ ಸಿದ್ದಯ್ಯ ಇಬ್ಬರನ್ನೂ ನೋಡಿದ. "ಮೂಸ್ತಿದೀರೋ, ಮುತ್ತು ಕೊಡ್ತಿದೀರೋ? ಇದಕ್ಕೆ ಸೊಗಡಿಲ್ಲ ಅಂದ್ರೆ ನಾನು ಮೀಸೆ ಬೋಳುಸ್ತೀನಿ."

ಸಿದ್ದಯ್ಯನಿಗೆ ಮೀಸೆಯೇ ಇರಲಿಲ್ಲವೆಂಬುದು ಕಾಯಿ ಕೊಂಡು ಬಸ್ಸು ಹತ್ತಿದ ಮೇಲೆ ಅನಂತರಾಜುವಿಗೆ ಹೊಳೆಯಿತು.

"ನಿಜ ಹೇಳಿ ಸಾಬ್ರೇ, ಸೊಗಡು ಐತಾ?"

ಸನಾವುಲ್ಲಾ ಕಿಟಕಿ ಕಡೆ ತಿರುಗಿದ. "ಅಣ್ಣಾ, ಹುಟ್ಟಿದಾಗಿಂದ ಬೇಯ್ಸಿದ ಹುಳದ ವಾಸ್ನೇಲೇ ಇದೀನಿ. ಈ ಮೂಗು ಮುಖಕ್ಕೆ ಚೆಂದ ಅಂತ ಇಟ್ಕಂಡಿರೋದು. ನೀವು ಸೆಂಟಿನೋರು ಅಂತ ನಿಮ್ಮನ್ನೇ ನಂಬ್ದೆ."

ಅನಂತರಾಜು ಚೀಲದ ಬಾಯಿ ಬಿಚ್ಚಿ ಮತ್ತೊಮ್ಮೆ ಮೂಸಿದ. ಅಷ್ಟರಲ್ಲಿ ಮುಂದಿನ ಸೀಟಿನ ಹೆಂಗಸು ತಿರುಗಿ, "ಯಾರಪ್ಪಾ ಅವರೆಕಾಯಿ ತಂದಿರೋದು? ಬಸ್ಸೆಲ್ಲ ಘಮ್ ಅಂತೈತೆ" ಎಂದಳು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಮರೆತು ಕಣ್ಣು ಮುಚ್ಚಿ ನಿಂತ. ಕೇಳಿದವರಿಗೆಲ್ಲ ಅನಂತರಾಜು ಹಿಡಿ ಹಿಡಿ ಕೊಟ್ಟ. ಚೀಲ ಅರ್ಧವಾದರೂ ಅವನು ಗಾಳಿಯಲ್ಲಿ ತೇಲುತ್ತಲೇ ಮನೆಗೆ ಬಂದ.

ಅತ್ತೆ ತಲೆಗೆ ಟವೆಲು ಸುತ್ತಿಕೊಂಡು ಕೂತಿದ್ದರು. "ನಿಮ್ ದಾರಿ ಕಾಯ್ತಾ ಇಬ್ಬನೀಲಿ ಕೂತು ಥಂಡಿ ಹಿಡ್ಕಬುಡ್ತು ಅಳಿಯಂದ್ರೆ. ಮೂಗು ಕಟ್ಟೈತೆ. ಪ್ರತಿಮಾ, ನೀನೇ ಮೂಸವ್ವ. ನೀನು ಐತೆ ಅಂದ್ರೆ ಐತೆ."

ಅನಂತರಾಜು ಮನಸ್ಸಿನಲ್ಲೇ ಮಂಚದ ಮೇಲೆ ಕಾಲು ಚಾಚಿದ.

ಪ್ರತಿಮಾ ಚೀಲದೊಳಗೆ ಮುಖವಿಟ್ಟಳು. ಕಣ್ಣು ತಾವಾಗಿ ಮುಚ್ಚಿಕೊಂಡವು. ಎಲ್ಲಿಗೋ ಹೋಗಿ ಬಂದವಳ ಹಾಗೆ ನಿಧಾನವಾಗಿ ತಲೆಯೆತ್ತಿ ಅವ್ವನನ್ನು ನೋಡಿದಳು.

"ಇಲ್ಲ ಕಣವ್ವ. ಒಸೀನೂ ಸೊಗಡಿಲ್ಲ."

"ಬಸ್ಸಲ್ಲಿರೋರೆಲ್ಲ..." ಅನಂತರಾಜು ತೊದಲಿದ.

"ಅವರ ಮಾತ್ಯಾಕೆ? ನೀವೇ ಮೂಸಿ ಹೇಳಿ." ಅವಳು ಚೀಲವನ್ನು ಅವನ ಮೂಗಿಗೇ ಹಿಡಿದಳು.

ಅವನು ಉಸಿರು ಎಳೆದ. ಇನ್ನೊಮ್ಮೆ ಎಳೆದ.

"ಏನೂ ಬರ್ತಿಲ್ಲ," ಅಂದ.

"ಬುಡಿ, ಬೇಜಾರ್ ಮಾಡ್ಕಬ್ಯಾಡಿ," ಅತ್ತೆ ಮೂಗು ಒರೆಸಿಕೊಂಡರು. "ಅವರೆ ಕಾಲ ಮುಗಿಯೋಗಂಟ ಇದ್ದು ನಾನೇ ಆರಿಸ್ಕೊಡ್ತೀನಿ."

"ತಂದಿದ್ದಾಯ್ತಲ್ಲ, ಬಿಸಾಕಾಕಾಯ್ತದಾ" ಎಂದು ಪ್ರತಿಮಾ ಕಾಯಿ ಸುಲಿಯಲು ಕೂತಳು. ಸುಲಿಯುತ್ತ ಆಗಾಗ ಬೆರಳನ್ನು ಮೂಗಿನ ಹತ್ತಿರ ಒಯ್ಯುತ್ತಿದ್ದಳು.