ಗದಾಸಿಂಹನ ಮುಯ್ಯಿ

ಯುದ್ಧಕ್ಕೆ ಹೊರಟ ವೀರರನ್ನು ತಡೆಯುವ ಸಂಗತಿಗಳು ಲೋಕದಲ್ಲಿ ಹಲವಿವೆ: ತುಂಬಿದ ಹೊಳೆ, ಕಡಿದಾದ ಬೆಟ್ಟ, ಬಾಯಿ ತೆರೆದ ಹೆಬ್ಬಾವು, ರೈಲ್ವೆ ಗೇಟು. ನನ್ನ ವೀರನನ್ನು ತಡೆದದ್ದು ಒಬ್ಬ ಮುದುಕಿ. ಅವಳ ಗುಡಿಸಲಿನ ಮುಂದೆ ಅವನು ದಿನಗಟ್ಟಲೆ ಗದೆ ಊರಿಕೊಂಡು ನಿಂತಿದ್ದ. ಅವಳು ಮಾತಾಡುತ್ತಿದ್ದಳು, ನನ್ನ ಹೆಂಡತಿ ಕೇಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ. (ಇರುವ ಹಲ್ಲುಗಳನ್ನು.)

ವೀರನ ಹೆಸರು ಗದಾಸಿಂಹ. ಎತ್ತರ ಏಳಡಿ, ಎದೆ ಮನೆಬಾಗಿಲಿನಷ್ಟು ಅಗಲ, ಸೊಂಟ ಮಾತ್ರ ನನ್ನ ಮದುವೆಯ ಫೋಟೋದಲ್ಲಿರುವಷ್ಟು. ವಾಸ, ನಮ್ಮ ಮಗಳು ಅಮೂಲ್ಯ ಮೈಸೂರಿನ ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ಹಳೇ ಟ್ಯಾಬಿನೊಳಗೆ. ಅದೊಂದು ಆನ್‌ಲೈನ್ ಆಟ. ಎಲ್ಲೆಲ್ಲಿಯವರೋ ಒಂದೊಂದು ವೇಷ ತೊಟ್ಟು ಒಂದೇ ರಾಜ್ಯದಲ್ಲಿ ಅಲೆಯುತ್ತಾರೆ. ಊರೂರಿನ ಜನರ ಕಷ್ಟಸುಖ ಕೇಳುತ್ತಾರೆ. ಆಮೇಲೆ ರಾಕ್ಷಸರ ಜೊತೆ ಹೊಡೆದಾಡುತ್ತಾರೆ. ಕಷ್ಟಸುಖ ಬೇಡ, ಹೊಡೆದಾಟ ಸಾಕು ಎನ್ನುವವರಿಗಾಗಿ ಆಟ ಮಾಡಿದ ಪುಣ್ಯಾತ್ಮರು ಮೂಲೆಯಲ್ಲಿ ‘ಸ್ಕಿಪ್’ ಎಂಬ ಗುಂಡಿ ಇಟ್ಟಿದ್ದಾರೆ. ಚಕ್ರದ ನಂತರ ಮನುಷ್ಯ ಕಂಡುಹಿಡಿದ ಮಹಾವಸ್ತು ಇದೇ ಎಂದು ನನ್ನ ಖಚಿತ ಅಭಿಪ್ರಾಯ. ಇದನ್ನು ಸನ್ಮಾನ ಸಮಾರಂಭಗಳಿಗೂ ವಿಸ್ತರಿಸಬೇಕು.

ಪಾತ್ರೆ ವ್ಯಾಪಾರಿಯಾದ ನಾನು ಗದೆ ಹಿಡಿದದ್ದು ಹೇಗೆ ಎಂದರೆ, ಅದಕ್ಕೆ ರಸ್ತೆಯೇ ಕಾರಣ. ಚನ್ನಪಟ್ಟಣದ ಹಳೇ ಹೈವೇ ಮೇಲೆ ನನ್ನ ಸ್ಟೀಲ್ ಪಾತ್ರೆ ಅಂಗಡಿ. ಪಕ್ಕದಲ್ಲೇ ಶಬ್ನಮ್‌ಳ ಗೊಂಬೆ ಅಂಗಡಿ. ಮೈಸೂರಿಗೆ ಹೋಗುವ ಕಾರುಗಳೆಲ್ಲ ಒಂದು ಕಾಲದಲ್ಲಿ ನಮ್ಮ ಮುಂದೆಯೇ ನಿಲ್ಲುತ್ತಿದ್ದವು. ಮಕ್ಕಳು ಮರದ ಕುದುರೆಗೆ ಹಟ ಮಾಡಿ ಅಳುತ್ತಿದ್ದವು. ಅಳು ನಿಲ್ಲುವಷ್ಟರಲ್ಲಿ ಅವುಗಳ ಅಮ್ಮಂದಿರು ನನ್ನ ಅಂಗಡಿಯಲ್ಲಿ ಒಂದು ಡಬರಿ ಕೊಂಡಿರುತ್ತಿದ್ದರು. ಹೊಸ ರಸ್ತೆ ಊರಿನಾಚೆಯಿಂದ ಹಾದು ಹೋದ ಮೇಲೆ ಮಧ್ಯಾಹ್ನದ ಹೊತ್ತು ನಮ್ಮಲ್ಲಿಗೆ ಬರುವುದು ಬಿಸಿಲು ಮಾತ್ರ. ಅಂಥ ಒಂದು ಮಧ್ಯಾಹ್ನ ಶಬ್ನಮ್ ಫೋನು ಹಿಡಿದುಕೊಂಡೇ ಬಂದು, ತಮ್ಮ ಪಡೆಗೆ ಐದನೆಯವರೊಬ್ಬರು ಬೇಕು, ಬರ್ತೀರಾ ಎಂದಳು. ಉಳಿದ ಮೂವರು ಯಾವ ಊರಿನವರೋ ಇಂದಿಗೂ ಗೊತ್ತಿಲ್ಲ. ಸೇನಾಪತಿ ಶಬ್ನಮ್‌ಳೇ. ಮಕ್ಕಳಿಗೆ ಬುಗುರಿ ಕೊಡುವಾಗ ಬೆಣ್ಣೆಯಂತೆ ಮಾತಾಡುವ ಹೆಂಗಸು, ರಣರಂಗಕ್ಕೆ ಇಳಿದರೆ ರಾಕ್ಷಸರೇ ಎದ್ದು ಜಾಗ ಬಿಡುತ್ತಾರೆ.

ಬರುವ ಭಾನುವಾರ ಗವ್ವರಾಸುರನ ಕೋಟೆಗೆ ಮುತ್ತಿಗೆ ಎಂದು ಗೊತ್ತಾಗಿತ್ತು. ಕೋಟೆಬಾಗಿಲಲ್ಲಿ ಮೊದಲ ಏಟು ತಿನ್ನುವ ಗೌರವ ಗದಾಸಿಂಹನದು. ಗೆದ್ದರೆ ನಾನು ಉಪಸೇನಾಪತಿ. ಆ ಏಟು ತಡೆಯಲೆಂದು ನಾಲ್ಕು ತಿಂಗಳು ಕಾಡು ಗುಡ್ಡ ಅಲೆದು ಒಂದು ಚೀಲ ಶಕ್ತಿಗಲ್ಲು ಕೂಡಿಹಾಕಿದ್ದೆ. ಐವತ್ತರ ಹತ್ತಿರ ಬಂದ ಗಂಡಸಿಗೆ ಯಾರಾದರೂ ಒಂದು ಪದವಿ ಕೊಡುತ್ತೇವೆನ್ನುವುದು ಸಾಮಾನ್ಯ ಸಂಗತಿಯಲ್ಲ.

ಈ ಸುಭಿಕ್ಷ ರಾಜ್ಯಕ್ಕೆ ನನ್ನ ಧರ್ಮಪತ್ನಿ ವನಜಾಕ್ಷಿಯ ಪ್ರವೇಶವಾದದ್ದು ಆಟಕ್ಕೆ ಕನ್ನಡ ದನಿ ಬಂದ ದಿನ. ಯಾವ ಊರಿನಲ್ಲೂ ಯಾರೂ ಆಡದ ಕನ್ನಡ. ಬೆಟ್ಟದ ತಪ್ಪಲಲ್ಲಿ ಕುರಿ ಕಾಯುವ ಒಬ್ಬ ಮುದುಕಿ (ಹೆಸರು ಮಂದಾಕಿನಿ) ಗದಾಸಿಂಹನನ್ನು ಕಂಡು, “ಓ ಪಥಿಕನೇ, ಕ್ಷಣಕಾಲ ನಿಲ್ಲು. ಈ ವೃದ್ಧೆಯ ಹೃದಯಭಾರವನ್ನು ಆಲಿಸುವೆಯಾ?” ಎಂದಳು. ಅಭ್ಯಾಸಬಲದಿಂದ ನನ್ನ ಹೆಬ್ಬೆರಳು ಸ್ಕಿಪ್ ಕಡೆಗೆ ಹೊರಟಿತು. ಒಗ್ಗರಣೆ ಹಾಕುತ್ತಿದ್ದ ವನಜಾಕ್ಷಿ ಸೌಟಿನ ಸಮೇತ ಬಂದು ನನ್ನ ಮಣಿಕಟ್ಟು ಹಿಡಿದಳು.

“ವಯಸ್ಸಾದೋರು ನಿಲ್ಲು ಅಂತವ್ರೆ. ಮುಖ ತಿರುಗಿಸ್ಕಂಡು ಹೋಯ್ತೀರಾ?”

“ಅದು ಅಜ್ಜಿಯಲ್ಲ ವನಜಾ, ಕಂಪ್ಯೂಟರು.”

“ಕಂಪ್ಯೂಟ್ರಿಗೆ ವಯಸ್ಸಾಗಬಾರದಾ?”

ನಾನು ಹೆಬ್ಬೆರಳನ್ನು ವಾಪಸು ಕರೆಸಿಕೊಂಡೆ.

ಅಂದಿನಿಂದ ಬೆಳಗಿನ ಹೊತ್ತು ಗದಾಸಿಂಹ ಅವಳ ವಶ, ಮಧ್ಯಾಹ್ನ ನನ್ನ ವಶ. ಊಟದ ಕ್ಯಾರಿಯರ್ ಜೊತೆ ಟ್ಯಾಬೂ ಅಂಗಡಿಗೆ ಬರುತ್ತಿತ್ತು. ವನಜಾಕ್ಷಿ ದೊಡ್ಡಆಲಹಳ್ಳಿಯ ಕುರಿ ಸಾಕುವ ಮನೆಯ ಮಗಳು. ಮಂದಾಕಿನಿಯ ಕಸುಬನ್ನು ನೋಡಿ ಸುಮ್ಮನಿರಲು ಅವಳಿಂದ ಆಗಲಿಲ್ಲ. ಮಳೆಗಾಲದಲ್ಲಿ ಇಷ್ಟು ತಗ್ಗಿನಲ್ಲಿ ಕುರಿ ಕೂಡಿದರೆ ಗೊರಸು ಕೊಳೆಯುತ್ತದೆ ಎಂದು ಪರದೆಗೆ ಬುದ್ಧಿ ಹೇಳಿದಳು. ಮಂದಾಕಿನಿ ಕೇಳಲಿಲ್ಲ. ತನ್ನ ಮೊದಲನೇ ಗಂಡ ತೋಳದ ಹಿಂದೆ ಹೋದದ್ದು, ಎರಡನೆಯವನು ತೋಳವೂ ಇಲ್ಲದೆ ಹೋದದ್ದು, ತಾಯಿಯಿಲ್ಲದ ಮೊಮ್ಮಗಳೊಬ್ಬಳು ಉಳಿದದ್ದು, ಎಲ್ಲವನ್ನೂ ಸಂಸ್ಕೃತದಲ್ಲಿ ನೆನೆಸಿಟ್ಟ ಕನ್ನಡದಲ್ಲಿ ಹೇಳುತ್ತಾ ಹೋದಳು. ವನಜಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಂಥ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ ಎಂದು ಗದಾಸಿಂಹನ ಗಾಯಕ್ಕೆ ಇಟ್ಟಿದ್ದ ಹಣ್ಣುಗಳನ್ನು ಕೊಟ್ಟುಬಂದಳು. ಆಟದಲ್ಲಿ ‘ಉಡುಗೊರೆ’ ಎಂಬ ಗುಂಡಿಯೂ ಇದೆಯೆಂದು ನನಗೆ ತಿಳಿದದ್ದು ಆಗಲೇ.

ಹಾಗೆ ನೋಡಿದರೆ ಈ ಜಗಳ ಹೊಸದಲ್ಲ. ನಮ್ಮ ಹರೆಯದಲ್ಲಿ ರಾಗಿ ಒಕ್ಕಣೆ ಮುಗಿದ ಮೇಲೆ ಕಣದಲ್ಲೇ ಹಲಗೆ ಜೋಡಿಸಿ ನಾಟಕ ಆಡುತ್ತಿದ್ದೆವು. ಹಾರ್ಮೋನಿಯಂ ಮೇಷ್ಟ್ರು ಚಿಕ್ಕಹನುಮಯ್ಯನವರು ತಾವೇ ಬರೆದ ನಾಟಕ. ಅದರ ನಾಯಕನೇ ಅಸಲಿ ಗದಾಸಿಂಹ, ಅಂದರೆ ನಾನು. ಖಳ ಚಂಡಕೇತು, ನಮ್ಮೂರಿನ ಮರಿಯಪ್ಪ. ನೋಡುವವರಲ್ಲಿ ಆಗಲೂ ಎರಡು ಪಂಗಡ. ಮುಂದೆ ಚಾಪೆ ಹಾಸಿ ಕೂತ ಹೆಂಗಸರು ರಾಣಿಯ ಶೋಕಕ್ಕೆ ಎಚ್ಚರವಿದ್ದು ಯುದ್ಧ ಬಂದಾಗ ಮಲಗುತ್ತಿದ್ದರು. ಹಿಂದೆ ಬೀಡಿ ಹಚ್ಚಿ ನಿಂತ ಗಂಡಸರು ಶೋಕಕ್ಕೆ ಮಲಗಿ ಯುದ್ಧಕ್ಕೆ ಏಳುತ್ತಿದ್ದರು. ಇಡೀ ನಾಟಕ ನೋಡಿದವರು ಮೇಷ್ಟ್ರೊಬ್ಬರೇ. ಅವರಿಗೂ ಮಧ್ಯೆ ಕಣ್ಣು ಹತ್ತುತ್ತಿತ್ತು, ಬೆರಳು ಮಾತ್ರ ನಿಲ್ಲುತ್ತಿರಲಿಲ್ಲ. ಆ ಸೀಮೆಎಣ್ಣೆ ದೀಪಗಳ ವಾಸನೆ, ಮುಖಕ್ಕೆ ಬಳಿದ ಬಣ್ಣ ಬೆವರಿಗೆ ಇಳಿದು ಬಾಯಿಗೆ ಬರುವ ರುಚಿ, ಕಣದಲ್ಲಿ ಉಳಿದ ಹುಲ್ಲು ಪಾದಕ್ಕೆ ಚುಚ್ಚುವುದು... ಈಗಲೂ ಕಣ್ಣು ಮುಚ್ಚಿದರೆ ನಾನು ಅಲ್ಲೇ ಇರುತ್ತೇನೆ, ಸೊಂಟ ಮಾತ್ರ ಬರುವುದಿಲ್ಲ.

ನನ್ನ ಗದೆಯನ್ನು ಕಡೆದುಕೊಟ್ಟವರು ಶಬ್ನಮ್‌ಳ ತಂದೆ. ಹಾಲೆಮರದ ಗದೆ, ಮೇಲೆ ಹೊನ್ನಿನ ಬಣ್ಣದ ಅರಗು. ಒಂದು ವರ್ಷ ದೊಡ್ಡಆಲಹಳ್ಳಿಯ ಕಣದಲ್ಲಿ ನಾನು ಬೀಸಿದ ಏಟಿನ ರಭಸಕ್ಕೆ ಅದರ ತಲೆ ಹಿಡಿಯಿಂದ ಕಿತ್ತು ಜನರ ಮೇಲೆ ಹಾರಿಹೋಯಿತು. ಶಿಳ್ಳೆಯೋ ಶಿಳ್ಳೆ. ಇಳಿದು ಹೋಗಿ ತಂದು ಮತ್ತೆ ಸಿಕ್ಕಿಸಿ ಚಂಡಕೇತುವನ್ನು ಮುಗಿಸಿದೆ. ಮರುತಿಂಗಳೇ ಆ ಊರಿನಿಂದ ಹೆಣ್ಣಿನ ಪ್ರಸ್ತಾಪ. ಹುಡುಗಿ ನಾಟಕ ನೋಡಿ ಒಪ್ಪಿದ್ದಾಳೆ ಎಂದರು. ನನ್ನ ಭುಜಬಲಕ್ಕೆ ಸೋತು ಬಂದವಳು ವನಜಾಕ್ಷಿ ಎಂಬ ಸತ್ಯವನ್ನು ಆಧಾರವಾಗಿಟ್ಟುಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಗದೆ ಈಗಲೂ ಅಡುಗೆಮನೆಯಲ್ಲಿದೆ. ಬೆಲ್ಲದ ಅಚ್ಚು ಒಡೆಯಲು ಅದರಷ್ಟು ಒಳ್ಳೆಯದು ಬೇರೆ ಇಲ್ಲವಂತೆ.

ಭಾನುವಾರ ಬಂತು. ಮಧ್ಯಾಹ್ನ ಅಂಗಡಿಯಲ್ಲಿ ಕುಕ್ಕರುಗಳ ಮಧ್ಯೆ ಸಿಂಹಾಸನಾರೂಢನಾಗಿ ಟ್ಯಾಬ್ ತೆರೆದೆ. ಕಹಳೆ ಮೊಳಗಿತು. ಕೋಟೆಬಾಗಿಲು ಒಡೆದು ಗವ್ವರಾಸುರ ಹೊರಬಂದ. ಬೆಟ್ಟಕ್ಕೆ ಮೀಸೆ ಬಂದ ಹಾಗಿದ್ದ. ನಾನು ಶಕ್ತಿಗಲ್ಲಿಗೆಂದು ಚೀಲಕ್ಕೆ ಕೈ ಹಾಕಿದೆ. ಚೀಲದಲ್ಲಿ ಒಂದು ಹಿಡಿ ಕುರಿಯುಣ್ಣೆ ಇತ್ತು.

ಮೊದಲ ಏಟನ್ನು ತಿನ್ನುವ ಗೌರವವನ್ನು ನಾನು ಪೂರ್ಣವಾಗಿ ಸ್ವೀಕರಿಸಿದೆ. ಎರಡನೆಯದರ ಅವಶ್ಯಕತೆ ಬೀಳಲಿಲ್ಲ. ಬಾಗಿಲು ಕಾಯುವವನಿಲ್ಲದೆ ಉಳಿದ ನಾಲ್ವರೂ ಒಬ್ಬರ ಹಿಂದೆ ಒಬ್ಬರು ಉರುಳಿದರು. ಗೋಡೆಯಾಚೆಯ ಗೊಂಬೆ ಅಂಗಡಿಯಲ್ಲಿ ಸ್ಟೂಲು ಸರಿದ ಸದ್ದಾಯಿತು. ಪಡೆಯವರ ಚೀಲವೆಲ್ಲ ಕಾಣುವ ತನ್ನ ಫೋನು ಹಿಡಿದು ಶಬ್ನಮ್ ಬಾಗಿಲಲ್ಲಿ ಬಂದು ನಿಂತಳು. ಕೂಗಾಡಿದ್ದರೆ ವಾಸಿಯಿತ್ತು.

“ಮುತ್ತಣ್ಣ, ನಿಮ್ಮ ಚೀಲದಲ್ಲಿ ಉಣ್ಣೆ ಯಾಕೆ ಐತೆ?” ಎಂದಳು. ನನಗೂ ಅದೇ ತಿಳಿಯಬೇಕಾಗಿತ್ತು. “ಮುಂದಿನ ಭಾನುವಾರಕ್ಕೆ ಕಲ್ಲು ತಂದ್ರೆ ಸರಿ. ಇಲ್ಲಾಂದ್ರೆ ಮಾಗಡಿಯವನೊಬ್ಬ ಬತ್ತೀನಿ ಅಂತ ಕಾಯ್ತಾವ್ನೆ.”

ಅಂಗಡಿ ಬಾಗಿಲು ಎಳೆದು ಟ್ಯಾಬ್ ಸಮೇತ ಮನೆಗೆ ಓಡಿದೆ. ವನಜಾಕ್ಷಿ ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಶಕ್ತಿಗಲ್ಲು ಎಲ್ಲಿ ಎಂದು ಕೇಳಿದ ನನ್ನ ದನಿಯಲ್ಲಿ ಹಳೆಯ ನಾಟಕದ ಗುಡುಗಿತ್ತು. ಅವಳು ತಲೆಯೆತ್ತಲಿಲ್ಲ.

“ಮಂದಾಕಿನಿ ಮೊಮ್ಮಗಳ ಮದ್ವೆ ಇತ್ತು. ಮುಯ್ಯಿ ಹಾಕ್ದೆ.”

“ಎಷ್ಟು ಹಾಕಿದೆ?”

“ಚೀಲದಾಗೆ ಇದ್ದುದ್ದ.”

“ಅಷ್ಟೂನಾ?”

“ತಾಂಬೂಲಕ್ಕೆ ಉಣ್ಣೆ ಕೊಟ್ಟವ್ಳಲ್ಲ. ತಾಯಿಲ್ಲದ ಹೆಣ್ಣು ಕಣ್ರೀ. ಒಂದೆರಡು ಕಲ್ಲು ಕೊಟ್ಟು ಕೈ ತೊಳ್ಕಳಕ್ಕಾಯ್ತದಾ? ನೋಡ್ದೋರು ಏನಂದಾರು?”

ಆ ಮದುವೆ ನೋಡಿದವರು ಅವಳೂ, ಕಂಪ್ಯೂಟರಿನ ಕುರಿಗಳೂ. ಆದರೆ ಮದುವೆಮನೆಯಲ್ಲಿ ಕೊಟ್ಟು ಮುಂದೆ ತೀರಿಸಿಕೊಳ್ಳುವ ಮುಯ್ಯಿಯ ವಿಷಯದಲ್ಲಿ ನಮ್ಮ ಕಡೆಯವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಹಾಗಾಗಿ ನನ್ನ ಕೊನೆಯ ಅಸ್ತ್ರವನ್ನು, ಇಷ್ಟು ವರ್ಷ ಬಳಸದೆ ಬತ್ತಳಿಕೆಯಲ್ಲಿಟ್ಟಿದ್ದನ್ನು, ತೆಗೆದೆ. ಕಥೆ, ಕಣ್ಣೀರು ಎಂದು ಈಗ ಹೇಳುವವಳು ಅವತ್ತು ಏನು ನೋಡಿ ನನ್ನನ್ನು ಒಪ್ಪಿದ್ದು? ನನ್ನ ಯುದ್ಧವನ್ನಲ್ಲವೇ? ಗದೆಯ ತಲೆಯೇ ಹಾರಿಹೋಗುವಂಥ ಆ ಏಟನ್ನಲ್ಲವೇ?

ವನಜಾಕ್ಷಿ ಈಗ ತಲೆಯೆತ್ತಿದಳು. ಅವಳ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು.

“ಯುದ್ಧನಾ? ಯುದ್ಧದಲ್ಲಿ ನಾನು ಗೊರಕೆ ಹೊಡೀತಿದ್ದೆ.”

ಒಂದು ಅವರೆಕಾಯಿ ಬಿಡಿಸಿ ಮುಂದುವರಿಸಿದಳು.

“ನಿಮ್ಮ ಗದೆ ತಲೆ ಬಂದು ನಮ್ಮಜ್ಜಿ ಮಡ್ಲಿಗೆ ಬಿತ್ತು. ಕಡ್ಲೆಪುರಿ ಎಲ್ಲಾ ಚೆಲ್ಲೋಯ್ತು, ಆಗ ಎಚ್ಚರಾಯ್ತು ನಂಗೆ. ನೀವು ಮೀಸೆ, ಕಿರೀಟ ಎಲ್ಲಾ ಹಾಕ್ಕಂಡೇ ಇಳ್ದು ಬಂದ್ರಿ. ಪುರಿ ಆಯ್ದು ಕೊಟ್ರಿ. ಅಜ್ಜಿ ತನ್ನ ಕಥೆ ತೆಗೀತು. ನೀವು ಮಂಡಿ ಊರ್ಕಂಡು ಕೂತು ಪೂರ್ತಿ ಕೇಳುದ್ರಿ. ಅಲ್ಲಿ ಮರಿಯಪ್ಪ ಏಟು ತಿನ್ನಕ್ಕೆ ನಿಂತೇ ಅವ್ನೆ, ಮೇಷ್ಟ್ರು ಅದೇ ರಾಗ ಸುತ್ತುಸ್ತಾನೇ ಅವ್ರೆ. ನೀವು ಅಲ್ಲಾಡ್ನಿಲ್ಲ. ಮುದುಕೀರ ಮಾತು ಇಷ್ಟು ಕೇಳೋ ಗಂಡಸು ಸಿಕ್ಕಾನಾ ಅಂತ ಒಪ್ಪುದ್ದು.”

ಒಂದು ಕ್ಷಣದಲ್ಲಿ ನನ್ನ ಭುಜಬಲ ಹೋಯಿತು. ಮರುಕ್ಷಣವೇ ಅದರ ಜಾಗಕ್ಕೆ ಸದ್ಗುಣ ಬಂದು ಕೂತಿತು. ನಾನು ಬೇಗ ಚೇತರಿಸಿಕೊಳ್ಳುವ ಮನುಷ್ಯ. ಹೌದಲ್ಲ, ಹಿರಿಯರೆಂದರೆ ನನಗೆ ಮೊದಲಿನಿಂದಲೂ ಗೌರವ, ಅಂದು ನಾಟಕಕ್ಕಿಂತ ಅಜ್ಜಿಯ ನೋವೇ ದೊಡ್ಡದೆನಿಸಿತು ಎಂದು ಗಂಟಲು ಸರಿಮಾಡಿಕೊಂಡು ಆರಂಭಿಸಿದೆ. (ಓದುಗರಲ್ಲಿ ಮಾತ್ರ ಹೇಳುತ್ತೇನೆ: ಗದೆಯ ತಲೆ ಮುದುಕಿಯ ಮಡಿಲಲ್ಲಿತ್ತು. ಎರಡು ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡಿದ್ದಳು. ಕಥೆ ಮುಗಿಯುವ ತನಕ ಬಿಡಲಿಲ್ಲ. ಬರಿ ಕೋಲು ಹಿಡಿದು ಯಾವ ಮುಖದಲ್ಲಿ ವೇದಿಕೆ ಹತ್ತಲಿ?)

“ಗೌರವ ಅಂತೆ,” ಎಂದಳು ವನಜಾಕ್ಷಿ. “ಅಜ್ಜಿ ಸಾಯೋ ಮುಂಚೆ ನಂಗೆ ಎಲ್ಲಾ ಯೋಳೋಗೈತೆ.”

“ಏನಂತ?”

“‘ಒಳ್ಳೆ ಹುಡ್ಗ ಕಣವ್ವ, ಆದ್ರೆ ಸುಮ್ನೆ ಕೇಳಾಕಿಲ್ಲ. ಅವನ ಸಾಮಾನು ಒಂದ ಮಡ್ಲಾಗೆ ಮಡಿಕ್ಕೊಂಡು ಮಾತಾಡು, ಕೂತು ಕೇಳ್ತಾನೆ’ ಅಂತ.”

ನನಗೆ ನಿಂತಲ್ಲೇ ದಿವ್ಯದೃಷ್ಟಿಯಾಯಿತು. ಮದುವೆಯಾದ ಹೊಸತರಲ್ಲಿ ನನ್ನ ಸೈಕಲ್ಲಿನ ಕೀಲಿಕೈ ಸಿಗದ ಸಂಜೆಗಳು. ಆಮೇಲೆ ಸ್ಕೂಟರಿನದು. ಪೇಪರಿನ ಕ್ರೀಡಾಪುಟ. ಓದುವ ಕನ್ನಡಕ. ಅವೆಲ್ಲ ಕಳೆದುಹೋದಾಗ ನಾನು ಕೂತು ಕೇಳಿದ ಕಥೆಗಳು: ಅವಳ ತಂಗಿಯ ಮನೆಯ ಸೀಮಂತ, ಉಯ್ಯಂಬಳ್ಳಿಯ ಚಿಕ್ಕಮ್ಮನ ಮಂಡಿನೋವು, ಚಳಿಗಾಲದಲ್ಲಿ ಮರಿ ಹಾಕಿದ ಕುರಿ. ಕಥೆ ಮುಗಿದ ಮೇಲೆ ಕೀಲಿಕೈ ತಾನಾಗಿ ಸಿಗುತ್ತಿತ್ತು. ಮರೆವಿನ ಹೆಂಗಸು ಎಂದು ನಾನೇ ಅವಳನ್ನು ಕ್ಷಮಿಸುತ್ತಾ ಬಂದಿದ್ದೆ. ಮರಿಯಪ್ಪನಾದರೂ ಆ ರಾತ್ರಿ ಒಂದು ಏಟು ತಿಂದು ಪಾರಾದ.

“ಹಂಗಾದ್ರೆ ನನ್ನ ಕಲ್ಲು?” ಎಂದೆ. ಗುಡುಗು ಇರಲಿಲ್ಲ.

“ಮುಯ್ಯಿ ಇಸ್ಕಂಡೋರು ತೀರಿಸ್ದೆ ಇರ್ತಾರಾ? ಮಂದಾಕಿನಿ ಮಾತು ಮುಗುದ್ರೆ ತಾನೇ ಕೊಡ್ತಾಳೆ. ನೀವು ಆ ಸ್ಕಿಪ್ಪು ಒತ್ತುದ್ರೆ ಮತ್ತೆ ಮೊದ್ಲಿಂದ ಶುರು ಮಾಡ್ತಾಳೆ, ಯೋಳಿವ್ನಿ.” ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ನನ್ನ ಕೈಯಿಂದ ಟ್ಯಾಬ್ ತೆಗೆದುಕೊಂಡಳು. ಮಡಿಲಲ್ಲಿಟ್ಟುಕೊಂಡಳು. ಸ್ಕಿಪ್ ಇರುವ ಮೂಲೆಯ ಮೇಲೆ ಅವಳ ಹೆಬ್ಬೆರಳು ಬಂದು ಕೂತಿತು. “ಒಸಿ ಕೂತ್ಕಳಿ. ಮದ್ವೆ ಆದ್ಮೇಲೆ ಹಳೇದೆಲ್ಲಾ ಇನ್ನೊಂದ್ಸಲ ಬಿಡಿಸಿ ಯೋಳ್ತಾವ್ಳೆ, ಇನ್ನೂ ಎರಡನೇ ಗಂಡನ ಕಾಲದಾಗೇ ಅವ್ಳೆ.”

ಕೂತೆ. ಮೊರವನ್ನು ನನ್ನ ಕಡೆಗೆ ತಳ್ಳಿದಳು, ಅವರೆಕಾಯಿಯನ್ನೂ ಬಿಡಿಸತೊಡಗಿದೆ. “ಓ ಪಥಿಕನೇ,” ಎಂದಳು ಮಂದಾಕಿನಿ. ಎರಡನೆಯ ಗಂಡ ಒಂದು ದಿನ ಹೊಸ ಕಂಬಳಿ ಹೊದ್ದು ಸಂತೆಗೆ ಹೊರಟನಂತೆ. ಸಂತೆಗೆ ಹೋಗುವವನು ಬೆಟ್ಟದ ದಾರಿ ಹಿಡಿದನಂತೆ. ನಾಯಿ ಅರ್ಧ ದಾರಿಯವರೆಗೆ ಹೋಗಿ ವಾಪಸು ಬಂತಂತೆ; ಅದರ ಬಾಯಲ್ಲಿ ಆ ಕಂಬಳಿಯ ಒಂದು ಚೂರು. ಹೊರಗೆ ಬಿಸಿಲು ಇಳಿಯುತ್ತಿತ್ತು. ಮನೆಯಲ್ಲಿ ಅವರೆಯ ಸೊಗಡು. ಎಲ್ಲೋ ಹಾರ್ಮೋನಿಯಂ ಒಂದೇ ರಾಗವನ್ನು ಸುತ್ತುಸುತ್ತಿ ಹೇಳುತ್ತಿದೆಯೇನೋ ಎನಿಸಿತು. ಗದಾಸಿಂಹ ಗದೆ ಊರಿ ನಿಂತಿದ್ದ, ಪಾಪ, ಅವನೂ ಕೇಳುತ್ತಿದ್ದ.

ಮಂದಾಕಿನಿ ಅಲ್ಲಿಗೆ ಮಾತು ನಿಲ್ಲಿಸಿ ನಿಟ್ಟುಸಿರು ಬಿಟ್ಟಳು. ಅದೇ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು. ಸೇನಾಪತಿ ಶಬ್ನಮ್. ಉಪಸೇನಾಪತಿ ಪದವಿ ಅದರೊಳಗೆ ಬಡಿದುಕೊಳ್ಳುತ್ತಿತ್ತು.

ಅವರೆಸಿಪ್ಪೆಯ ಕೈಯಲ್ಲೇ ಕೆಂಪು ಗುಂಡಿ ಒತ್ತಿ ಅದನ್ನು ಆರಿಸಿದೆ.

“ಆಮೇಲೇನಾಯ್ತಂತೆ, ಕೇಳು,” ಎಂದೆ ವನಜಾಕ್ಷಿಗೆ.