ದರ್ಜೆ ತಗಡು

ಕಾರಿನ ಬಾಗಿಲು ಮುಚ್ಚಿದಾಗ ಬರುವ ಸದ್ದು ಕಂಪನಿಯ ಆಸ್ತಿ ಎಂದು ಆಡಳಿತ ಮಂಡಳಿಯು ಸರ್ವಾನುಮತದಿಂದ ಅಂಗೀಕರಿಸಿ ಇಪ್ಪತ್ತೆರಡು ವರ್ಷಗಳಾಗಿದ್ದವು. ಆಸ್ತಿ ಅಂದಮೇಲೆ ನೋಡಿಕೊಳ್ಳಲು ಒಬ್ಬ ಬೇಕಲ್ಲ, ಆ ಒಬ್ಬನೇ ಬಾಗಿಲಣ್ಣ. ಇದು ಅವನ ನಿಜವಾದ ಹೆಸರಲ್ಲ. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಚಾಲ್ತಿಯಲ್ಲಿತ್ತು.

ಕಂಪನಿ ತಯಾರಿಸುತ್ತಿದ್ದದ್ದು ಐಷಾರಾಮಿ ಕಾರು. ಐಷಾರಾಮಿ ಅಂದರೆ, ಹೋಗಬೇಕಾದ ಕಡೆಗೆ ಬೇರೆ ಕಾರುಗಳಷ್ಟೇ ಹೊತ್ತಿಗೆ ಹೋಗುತ್ತದೆ, ಆದರೆ ಇಳಿಯುವಾಗ ನಾಲ್ಕು ಜನ ತಿರುಗಿ ನೋಡುತ್ತಾರೆ. ತಿರುಗಿ ನೋಡಬೇಕಾದರೆ ಬಾಗಿಲು 'ಧಬ್' ಅನ್ನಬೇಕು, 'ಢಣ್' ಅನ್ನಬಾರದು. ವ್ಯತ್ಯಾಸವೇನು ಎಂದು ಕೇಳುವವರಿಗಾಗಿ ಹೇಳುವುದಾದರೆ, 'ಧಬ್' ಅಂದರೆ ಹೋಟೆಲಿನ ಕಾವಲುಗಾರ ಎದ್ದು ನಿಲ್ಲುತ್ತಾನೆ, 'ಢಣ್' ಅಂದರೆ ಕೂತಲ್ಲಿಂದಲೇ "ಗಾಡಿ ಹಿಂದುಗಡೆ ಹಾಕಿ" ಅನ್ನುತ್ತಾನೆ.

ಬಾಗಿಲಣ್ಣನ ಕೋಣೆಯ ನಾಲ್ಕು ಗೋಡೆಗೂ ದಪ್ಪ ಕಂಬಳಿ ಬಟ್ಟೆ ಹೊಡೆದಿತ್ತು. ಒಳಗೆ ಒಂದು ಸ್ಟೂಲು, ಒಂದು ಬಾಗಿಲು. ದಿನಕ್ಕೆ ಇನ್ನೂರು ಸಲ ಹಾಕುವುದು, ಕಣ್ಣು ಮುಚ್ಚಿ ಕೇಳುವುದು, ರಬ್ಬರ್ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸುವುದು. ಕಿವಿ ಕೆಡಬಾರದೆಂದು ಬಸ್ಸಿನಲ್ಲಿ ಬರುವಾಗ ಹತ್ತಿ ಇಟ್ಟುಕೊಳ್ಳುತ್ತಿದ್ದ. ಅವನ ಅಪ್ಪ ಬಡಗಿ. "ಬಾಗಿಲು ಹಾಕಿದ ಸದ್ದಲ್ಲೇ ಮನೆ ಎಂಥದು ಅಂತ ಗೊತ್ತಾಗ್ಬೇಕು ಮಗಾ" ಅನ್ನುತ್ತಿದ್ದ. ಬಾಗಿಲಣ್ಣ ಬೇರೆ ಯಾವ ವಿದ್ಯೆಯನ್ನೂ ಕಲಿತಿರಲಿಲ್ಲ.

ಆ ವರ್ಷ ಮೂರು ಹೊಸ ಕಾರುಗಳು ಬರುವುದಿತ್ತು. ಚಿಕ್ಕದು, ನಡುವಿನದು, ದೊಡ್ಡದು. ಇವುಗಳ ಸಂಬಂಧವನ್ನು 'ಮೆಟ್ಟಿಲು ನೀತಿ' ಎಂಬ ಸುತ್ತೋಲೆ ಹೀಗೆ ವಿವರಿಸಿತ್ತು: "ನಿಯಮ ನಾಲ್ಕು. ಕೆಳಗಿನ ಮೆಟ್ಟಿಲಿನ ಗ್ರಾಹಕನು ಮೇಲಿನ ಮೆಟ್ಟಿಲನ್ನು ಕಂಡು ನಿಟ್ಟುಸಿರು ಬಿಡತಕ್ಕದ್ದು. ನಿಟ್ಟುಸಿರು ಬಿಡದವನನ್ನು ತೃಪ್ತನೆಂದು ಪರಿಗಣಿಸಿ, ಸದರಿ ತೃಪ್ತಿಗೆ ಕಾರಣರಾದ ನೌಕರರ ಮೇಲೆ ಸೂಕ್ತ ಕ್ರಮ ಜರುಗಿಸಲಾಗುವುದು."

ತೊಂದರೆ ಆದದ್ದು ಚಿಕ್ಕ ಕಾರಿನಿಂದ. ಅದರ ಬಾಗಿಲು ಬಾಗಿಲಣ್ಣನ ಜೀವಮಾನದಲ್ಲೇ ಕೇಳದಂಥ 'ಧಬ್' ಅಂದಿತು. ಕಾರಣ ಸರಳ. ಚಿಕ್ಕ ಕಾರಿನ ಬಾಗಿಲಿನ ಬಗ್ಗೆ ಯಾರೂ ಸಭೆ ಮಾಡಿರಲಿಲ್ಲ. ದೊಡ್ಡ ಕಾರಿನ ಬಾಗಿಲಿಗೆ ಹನ್ನೊಂದು ಸಭೆಗಳಾಗಿದ್ದವು, ಪ್ರತಿ ಸಭೆಯೂ ಬಾಗಿಲೊಳಗೆ ಏನಾದರೊಂದು ಇಟ್ಟೇ ಎದ್ದಿತ್ತು. ಈಗ ಅದನ್ನು ಮುಚ್ಚಿದರೆ, ಪಾತ್ರೆ ತುಂಬಿದ ಬೀರು ಮಹಡಿಯಿಂದ ಉರುಳಿದ ಹಾಗೆ ಕೇಳಿಸುತ್ತಿತ್ತು.

ಕಂಪನಿಯ ಹೆಸರು, ಲಾಂಛನ, ಘನತೆ ಎಲ್ಲವನ್ನೂ ನೋಡಿಕೊಳ್ಳುವ ಗುರುತು ವಿಭಾಗದ ಮೇಡಂ ಕೋಣೆಗೆ ಬಂದರು.

"ಇನ್ನೊಂದ್ಸಲ ಹಾಕಿ."

ಧಬ್.

"ಚೆನ್ನಾಗಿದೆ," ಅಂದರು ಮೇಡಂ. ಅವರ ಮುಖ ಬಾಡಿತು. "ತುಂಬಾನೇ ಚೆನ್ನಾಗಿದೆ. ಯಾರಿಗಾದ್ರೂ ಹೇಳಿದೀರಾ?"

"ಹೇಳೋದೇನು ಮೇಡಂ, ಕೇಳಿಸುತ್ತಲ್ಲ."

"ಅದೇ ಕಷ್ಟ. ದೊಡ್ಡದನ್ನ ಸರಿ ಮಾಡೋಕಾಗಲ್ವಾ?"

"ಬಾಗಿಲೊಳಗಿನ ಕೊಡೆ ತೆಗೆದ್ರೆ ಸ್ವಲ್ಪ ಸರಿಹೋಗುತ್ತೆ."

"ಅದು ಅಧ್ಯಕ್ಷರ ಅಳಿಯನ ಸಲಹೆ."

"ಸುಗಂಧದ ಡಬ್ಬಿ?"

"ಮಗಳದು."

"ಮೋಟರ್ ನಾಲ್ಕಿವೆ. ಒಂದಾದ್ರೂ..."

"ನಾಲ್ಕೂ ಅಧ್ಯಕ್ಷರದೇ. ನೋಡಿ ಬಾಗಿಲಣ್ಣ, ತೆಗೆಯೋ ಮಾತು ಬಿಡಿ. ಸೋಮವಾರದೊಳಗೆ ಚಿಕ್ಕದು ಕೆಡಬೇಕು. ಇಲ್ಲಾಂದ್ರೆ ನಿಮ್ಮ ಹುದ್ದೆ ರದ್ದು ಮಾಡಿ ಈ ಕೋಣೆನ ಸಭೆಗೆ ಕೊಡ್ತಾರೆ. ಹನ್ನೆರಡನೇ ಸಭೆಗೆ ಜಾಗ ಸಿಕ್ತಿಲ್ಲ."

ಬಾಗಿಲಣ್ಣ ಮನೆಗೆ ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ಕುಕ್ಕರಿಸಿದ. ವಿಷಯ ಕೇಳಿದ ಹೆಂಡತಿ ಕೈ ಒರೆಸಿಕೊಂಡಳು.

"ನನ್ನ ಕೈಯಾರೆ ಹೇಗೆ ಕೆಡಿಸ್ಲೇ? ಅಂಥ ಸದ್ದು ಇನ್ನೊಂದ್ಸಲ ಹುಟ್ಟಲ್ಲ."

"ಸದ್ದಂತೆ. ಇಪ್ಪತ್ತೆರಡು ವರ್ಷದಿಂದ ಈ ಮನೇಲಿ ಫ್ರಿಜ್ಜಿನ ಬಾಗಿಲನ್ನೂ ಜೋರಾಗಿ ಹಾಕೋಕೆ ಬಿಟ್ಟಿಲ್ಲ ನೀವು. ಸಿಟ್ಟು ಬಂದಾಗ ಬಾಗಿಲು ಬಡಿಯೋ ಭಾಗ್ಯ ಇಲ್ದಿರೋ ಹೆಂಗಸು ಊರಲ್ಲೇ ನಾನೊಬ್ಳು." ಹಾಗೆನ್ನುತ್ತಲೇ ಬಿಸ್ಕತ್ತಿನ ಹಳೇ ಡಬ್ಬದ ಮುಚ್ಚಳ ತೆಗೆದು ಅವನ ಮಡಿಲಿಗೆ ಹಾಕಿದಳು. "ಇದನ್ನ ಒಳಗೆ ಸೇರಿಸಿ. ಆದ್ರೆ ಅಂಟು ಹಾಕ್ಬೇಡಿ, ಒಂದೇ ಸ್ಕ್ರೂನಲ್ಲಿ ಕೂರಿಸಿ. ಕೆಟ್ಟ ಕೆಲಸ ಬಿಚ್ಚೋ ಹಾಗಿರ್ಬೇಕು."

ಸೋಮವಾರ ಚಿಕ್ಕ ಕಾರು 'ಢಣ್' ಅಂದಿತು. ಮೇಡಂ ಕಣ್ಣಲ್ಲಿ ನೀರು ಬಂತು. ಮುಚ್ಚಳಕ್ಕೆ 'ದರ್ಜೆ ತಗಡು' ಎಂದು ನಾಮಕರಣವಾಗಿ, ಪ್ರತಿ ಚಿಕ್ಕ ಕಾರಿಗೂ ನಾಲ್ಕರಂತೆ ಅಳವಡಿಸಲಾಯಿತು. ನಾಲ್ಕು ಏಕೆಂದರೆ ಬಾಗಿಲು ನಾಲ್ಕು.

ಮೂರು ತಿಂಗಳಲ್ಲಿ ಯಾವನೋ ಮೆಕ್ಯಾನಿಕ್ ಆ ಸ್ಕ್ರೂ ಪತ್ತೆಹಚ್ಚಿ ತಗಡು ಬಿಚ್ಚಿದ. ಕಂಪನಿ ತಕ್ಷಣ ಪ್ರಕಟಣೆ ಹೊರಡಿಸಿತು: "ತಗಡನ್ನು ಖಾಸಗಿಯಾಗಿ ಬಿಚ್ಚುವುದು ಶಿಕ್ಷಾರ್ಹ. ಇಚ್ಛೆಯುಳ್ಳವರು ನಮ್ಮ 'ತಗಡು ವಿಮೋಚನಾ ಯೋಜನೆ'ಯಲ್ಲಿ ಶುಲ್ಕ ಕಟ್ಟಿ ಬಿಚ್ಚಿಸಿಕೊಳ್ಳಬಹುದು. ಬಿಚ್ಚಿದ ತಗಡು ಕಂಪನಿಯ ಸ್ವತ್ತು." ಜನ ಸಾಲುಗಟ್ಟಿದರು. ತಾನು ಕೆಡಿಸಿದ್ದು ತಾನಾಗಿಯೇ ಸರಿಹೋಗುತ್ತಿದೆಯೆಂದು ಬಾಗಿಲಣ್ಣ ಒಳಗೊಳಗೇ ಹಿಗ್ಗಿದ. ವರ್ಷ ಕಳೆಯುವಷ್ಟರಲ್ಲಿ ಊರ ತುಂಬ ಧಬ್, ಧಬ್, ಧಬ್.

ಎಲ್ಲರ ಬಳಿ ಇರುವುದು ಐಷಾರಾಮ ಆಗುವುದಿಲ್ಲ. ಇದು ಕಾರಿನ ವ್ಯಾಪಾರದ ಮೂಲಪಾಠ. ಒಂದು ದಿನ ದೊಡ್ಡ ಹೋಟೆಲಿನ ಮುಂದೆ ಒಬ್ಬ ಹಲ್ಲಿನ ಡಾಕ್ಟರು ತಮ್ಮ ಚಿಕ್ಕ ಕಾರಿನಿಂದ ಇಳಿದರು. ಸೋಮಾರಿತನದಿಂದ ಅವರು ತಗಡು ಬಿಚ್ಚಿಸಿರಲಿಲ್ಲ. ಢಣ್. ನಾಲ್ಕು ಜನ ತಿರುಗಿ ನೋಡಿದರು.

"ಏನ್ರೀ ಅದು?"

"ತಗಡಿರೋ ಗಾಡಿ. ಈಗೆಲ್ಲಿ ಸಿಗುತ್ತೆ ಅಂಥದು."

ಕಾವಲುಗಾರ ಎದ್ದು ನಿಂತ.

ಮರುವಾರವೇ ಮೇಡಂ ಕಂಬಳಿ ಬಟ್ಟೆಯ ಕೋಣೆಗೆ ಓಡಿ ಬಂದರು. "ಬಾಗಿಲಣ್ಣ, ದೊಡ್ಡ ಕಾರಿಗೆ ತಗಡು ಬೇಕು. ಎಷ್ಟು ದಿನ ಹಿಡಿಯುತ್ತೆ?"

"ಅದಕ್ಕೆ ಬೇರೆ ಯಾಕೆ ಮೇಡಂ? ಮೊದಲಿಂದ್ಲೂ ಹಾಗೇ ಬಡ್ಕೊಳ್ತಿದೆ."

ಮೇಡಂ ಒಂದು ಸಲ ಹಾಕಿ ಕೇಳಿದರು. ಕೊಡೆ, ಡಬ್ಬಿ, ನಾಲ್ಕು ಮೋಟರು ಒಟ್ಟಿಗೇ ಮಾತಾಡಿದವು. "ಅಧ್ಯಕ್ಷರಿಗೆ ಎಂಥ ಮುಂದಾಲೋಚನೆ," ಅಂದರು ಮೇಡಂ, ಮೆಲ್ಲಗೆ.

ದೊಡ್ಡ ಕಾರಿನ ಬೆಲೆ ಏರಿತು. ಅಳಿಯನಿಗೆ ಸನ್ಮಾನವಾಯಿತು. ತಗಡು ಬಿಚ್ಚಿಸಿಕೊಂಡವರೆಲ್ಲ ಮತ್ತೆ ಹಾಕಿಸಿಕೊಳ್ಳಲು ಸಾಲು ನಿಂತರು, ಅದಕ್ಕೂ ಶುಲ್ಕವಿತ್ತು, ಯಾರೂ ಗೊಣಗಲಿಲ್ಲ. ಹೋಟೆಲುಗಳ ಮುಂದೆ 'ಧಬ್' ಅಂದವರಿಗೆ "ಗಾಡಿ ಹಿಂದುಗಡೆ ಹಾಕಿ" ಎಂದು ಹೇಳುವುದು ವಾಡಿಕೆಯಾಯಿತು, ಅವರೂ ತಪ್ಪು ಮಾಡಿದವರಂತೆ ಹಿಂದುಗಡೆಗೆ ಹೋದರು.

ಬಾಗಿಲಣ್ಣನ ಹುದ್ದೆ ಉಳಿಯಿತು, ಬಡ್ತಿಯೂ ಸಿಕ್ಕಿತು. ಈಗ ಅವನು ಹತ್ತಿ ಇಟ್ಟುಕೊಳ್ಳುವುದು ಆಫೀಸಿನಲ್ಲಿ, ತೆಗೆಯುವುದು ಬಸ್ಸಿನಲ್ಲಿ.

ಒಂದು ಸಂಜೆ ಹೆಂಡತಿ ಯಾವುದೋ ಸಿಟ್ಟಿಗೆ ಅಡುಗೆಮನೆಯ ಬಾಗಿಲನ್ನು ಎಳೆದು ಬಡಿದಳು. ಗೋಡೆಯ ಗಡಿಯಾರ ನಿಂತಿತು. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ. ಬೈಗುಳಕ್ಕೆ ಕಾದು ನಿಂತಳು.

ಬಾಗಿಲಣ್ಣ ಕಣ್ಣು ಮುಚ್ಚಿ ಕೇಳಿಸಿಕೊಂಡ. "ಕೀಲು ಇನ್ನೊಂಚೂರು ಸಡಿಲ ಮಾಡಿದ್ರೆ," ಅಂದ, "ದೊಡ್ಡ ಕಾರಿನ ಮೆಟ್ಟಿಲಿಗೇ ಹೋಗುತ್ತೆ ಕಣೇ."

ಅವಳು ಸ್ಕ್ರೂಡ್ರೈವರ್ ತಂದುಕೊಟ್ಟಳು.